ಆಲಮಟ್ಟಿ ಹಿನ್ನೀರು ತುಂಬಿದಾಗ ಗಾಳ ಎಲ್ಲಿ ಹಾಕಬೇಕು? ಸೇತುವೆ, ಹಳ್ಳದ ಬಾಯಿ, ಮುಳುಗಿದ ಹೊಲ

ಆಲಮಟ್ಟಿ ಭರ್ತಿ ಆಯ್ತು ಅಂತ ಪೇಪರಿನಲ್ಲಿ ಬಂದ ಕೂಡಲೇ ನಮ್ಮ ಬಾಗಲಕೋಟೆ ಕಡೆ ಗಾಳದ ಹುಚ್ಚು ಇರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಇಷ್ಟೊಂದು ನೀರಿನಲ್ಲಿ ಮೀನು ಎಲ್ಲಿ ಹುಡುಕೋದು? ಬೇಸಿಗೆಯಲ್ಲಿ ಗುರುತು ಮಾಡಿಕೊಂಡ ಜಾಗ ಈಗ ನೀರಿನ ನಡುವೆ ಎಲ್ಲೋ ಹೋಗಿರುತ್ತದೆ. ದಂಡೆ ಅನ್ನೋದು ಕಬ್ಬಿನ ಹೊಲದ ತನಕ ಬಂದು ನಿಂತಿರುತ್ತದೆ. ಎದುರಿಗೆ ಕಣ್ಣು ಹಾಯುವಷ್ಟು ದೂರ ಬರೀ ನೀರು. ಹಾಗಾಗಿ ಹೆಚ್ಚಿನವರು ಉದ್ದನೆ ರಾಡು, ದೊಡ್ಡ ಸೀಸದ ಗುಂಡು ತಂದು, ಕೈಲಾದಷ್ಟು ದೂರ ಒಗೆದು ಕೂರುತ್ತಾರೆ.

ನಾನು ಸೇತುವೆ ಹತ್ತಿರ ಕೂತಿದ್ದೇನೆ, ಹಳ್ಳ ಸೇರುವ ಬಾಯಿಯಲ್ಲಿ ಕೂತಿದ್ದೇನೆ, ಹೊಸದಾಗಿ ಮುಳುಗಿದ ಹೊಲದ ಅಂಚಿನಲ್ಲೂ ಕೂತಿದ್ದೇನೆ. ಗಳ, ರೀಲ್, ಬಾಟಲಿಗೆ ಸುತ್ತಿದ ದಾರ ಎಲ್ಲ ಬಳಸಿದ್ದೇನೆ. ನೇರವಾಗಿ ಹೇಳಿಬಿಡುತ್ತೇನೆ. ನೀರು ತುಂಬಿದಾಗ ದೂರ ಒಗೆಯಬೇಡಿ. ಮೀನು ನಿಮ್ಮ ಕಾಲ ಬುಡದಲ್ಲಿ ಇರುತ್ತದೆ. ಯಾಕೆ, ಯಾವಾಗ, ಯಾವಾಗ ಈ ಮಾತು ನಡೆಯುವುದಿಲ್ಲ ಅನ್ನೋದನ್ನ ಬರೆಯುತ್ತೇನೆ.

ಮೊದಲು ಕಾಲದ ವಿಷಯ. ಹೊರದೇಶದ ವಿಡಿಯೊಗಳನ್ನ ನೋಡಿ ಕಲಿತವರು ವಸಂತದಲ್ಲಿ ನೀರು ಏರುತ್ತದೆ, ಆಗ ಮೀನು ದಂಡೆಗೆ ಬರುತ್ತದೆ ಅಂತ ಹೇಳುತ್ತಾರೆ. ಅಲ್ಲಿ ಹಿಮ ಕರಗಿ ಡ್ಯಾಮು ತುಂಬುತ್ತದೆ, ಅದು ಅಲ್ಲಿಗೆ ಸರಿ. ನಮ್ಮ ಕೃಷ್ಣೆ ಹುಟ್ಟೋದು ಮಹಾಬಳೇಶ್ವರದ ಕಡೆ ಸಹ್ಯಾದ್ರಿಯಲ್ಲಿ. ಅಲ್ಲಿ ಆಷಾಢ ಶ್ರಾವಣದ ಮಳೆ ಜೋರಾದರೆ ಇಲ್ಲಿ ಹಿನ್ನೀರು ಏರುತ್ತದೆ, ನಮ್ಮೂರಲ್ಲಿ ಒಂದು ಹನಿ ಬೀಳದಿದ್ದರೂ ಏರುತ್ತದೆ. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್, ಹಿಡಿಯೋದು 123 ಟಿಎಂಸಿ ನೀರು. ಶ್ರಾವಣದಿಂದ ದೀಪಾವಳಿ ತನಕ ಆ ಮಟ್ಟದ ಆಸುಪಾಸು ಇರುತ್ತದೆ. ಆಮೇಲೆ ಕಾಲುವೆಗೆ, ಕೆಳಗಿನ ನಾರಾಯಣಪುರ ಜಲಾಶಯಕ್ಕೆ ಬಿಡುತ್ತಾ ಬಿಡುತ್ತಾ ಯುಗಾದಿ ಹೊತ್ತಿಗೆ ನೀರು ಎಷ್ಟೋ ಹಿಂದೆ ಸರಿದಿರುತ್ತದೆ. ಅಂದರೆ ವಸಂತದಲ್ಲಿ ನಮ್ಮಲ್ಲಿ ಇಳಿನೀರು. ತುಂಬುನೀರಿನ ಗಾಳ ಅಂದರೆ ನಮಗೆ ಗಣೇಶನ ಹಬ್ಬ, ದಸರಾ, ದೀಪಾವಳಿಯ ಸುತ್ತಿನ ಮಾತು.

ಇನ್ನೊಂದು, ಈ ಭೂಮಿ ಚಪ್ಪಟೆ. ಬೀಳಗಿ, ಬಾಗಲಕೋಟೆ, ಕೊಲ್ಹಾರ ಕಡೆ ಎರೆ ಹೊಲಗಳು ಹಾಸಿದ ಹಾಗೆ ಇವೆ. ಮಟ್ಟ ಒಂದಡಿ ಏರಿದರೆ ನೀರು ಹೊಲದೊಳಗೆ ಎಷ್ಟೋ ದೂರ ನುಗ್ಗುತ್ತದೆ. ನಿನ್ನೆ ತನಕ ಒಣಗಿದ್ದ ನೆಲ, ಹುಲ್ಲು, ಬೆಳೆಯ ಕೂಳೆ, ಎರೆಹುಳು, ಇರುವೆ ಗೂಡು, ಮಿಡತೆ, ಉದುರಿದ ಕಾಳು ಎಲ್ಲ ನೀರೊಳಗೆ. ಮೀನಿಗೆ ಅದು ಹೊಸ ಊಟದ ಪಂಕ್ತಿ. ನಡುಹೊಳೆಯ ಆಳದಲ್ಲಿ ಏನಿದೆ? ಕೆಸರು, ತಣ್ಣನೆ ರಾಡಿ ನೀರು. ಮೀನು ಅಲ್ಲಿ ಯಾಕೆ ಕೂರಬೇಕು ಹೇಳಿ.

ಈಗ ಜಾಗಗಳಿಗೆ ಬರೋಣ.

ಸೇತುವೆ ಎಲ್ಲರ ಮೊದಲ ಆಯ್ಕೆ. ಬಾಗಲಕೋಟೆಯಿಂದ ಬೀಳಗಿಗೆ ಹೋಗುವಾಗ ಘಟಪ್ರಭೆ ಮೇಲೆ ಅನಗವಾಡಿ ಸೇತುವೆ ಸಿಗುತ್ತದೆ. ಇನ್ನೂ ಮುಂದೆ ಹೋದರೆ ಕೃಷ್ಣೆಯ ಮೇಲೆ ಕೊಲ್ಹಾರದ ಆ ಉದ್ದನೆ ಸೇತುವೆ, ಸುಮಾರು 3 ಕಿಲೋಮೀಟರ್. ಬೈಕು ನಿಲ್ಲಿಸಲು ಜಾಗ, ಚಹಾ, ಮಿರ್ಚಿ ಭಜಿ, ಕೊಲ್ಹಾರದಲ್ಲಾದರೆ ಮಡಕೆ ಮೊಸರು. ಅನುಕೂಲ ಅಂದರೆ ಅನುಕೂಲವೇ. ಆಳವೂ ಇದೆ. ಕಂಬಗಳ ನೆರಳಿನಲ್ಲಿ ದೊಡ್ಡ ಮೀನು ಇರೋದೂ ಸುಳ್ಳಲ್ಲ. ಆದರೆ ತುಂಬುನೀರಿನಲ್ಲಿ ಅಲ್ಲಿ ಗಾಳಿ ಅಡ್ಡಾದಿಡ್ಡಿ ಹೊಡೆಯುತ್ತದೆ. ಗೇಟು ತೆಗೆದಿದ್ದರೆ ನೀರಿಗೆ ಎಳೆತ ಇರುತ್ತದೆ, ದಾರ ಬಿಲ್ಲಿನ ಹಾಗೆ ಬಾಗಿ ಗುಂಡು ಜರುಗುತ್ತಲೇ ಇರುತ್ತದೆ. ತೇಲಿ ಬರುವ ಕಸಕಡ್ಡಿ, ನೀರಿನ ಕಳೆ ದಾರಕ್ಕೆ ಸುತ್ತಿಕೊಳ್ಳುತ್ತವೆ. ಸೇತುವೆ ಮೇಲಿಂದ ಗಾಳ ಬಿಡಲೇಬೇಡಿ. ಲಾರಿಗಳು ಹೋಗೋ ರಸ್ತೆ ಅದು. ಮೀನು ಸಿಕ್ಕರೂ ಅಷ್ಟು ಎತ್ತರಕ್ಕೆ ಎಳೆಯುವಾಗ ತುಟಿ ಹರಿದು ಬೀಳುತ್ತದೆ. ನಾನು ಕೂತದ್ದು ಕೆಳಗೆ, ಸೇತುವೆ ದಂಡೆಗೆ ಸೇರುವಲ್ಲಿ ಕಲ್ಲು ಜೋಡಿಸಿದ ಇಳಿಜಾರಿನಲ್ಲಿ. ಹಗಲೆಲ್ಲ ಕಾದರೂ ದಾರಕ್ಕೆ ಕಟ್ಟಿದ ತೇಲುವ ಬೆಂಡು ಅಲುಗದ ದಿನಗಳೇ ಜಾಸ್ತಿ. ಸಂಜೆ ಕತ್ತಲು ಇಳಿಯುವಾಗ ಮಾತ್ರ ಬಾಳೆಮೀನು ಓಡಾಡುತ್ತದೆ, ಕಲ್ಲಿನ ಹತ್ತಿರದ ಸಣ್ಣ ಮೀನು ಹಿಡಿಯಲು ಬರುತ್ತದೆ. ಬಾಳೆಮೀನೇ ಬೇಕು ಅನ್ನುವವರಿಗೆ ಆ ಒಂದು ಗಂಟೆಗೆ ಸೇತುವೆ ಸರಿ. ಅದರ ಬಾಯಲ್ಲಿ ಸಾಲುಸಾಲು ಚೂಪು ಹಲ್ಲು, ಗಾಳ ತೆಗೆಯುವಾಗ ಬೆರಳು ಹಾಕಬೇಡಿ, ಇಕ್ಕಳ ಬಳಸಿ.

ಹಳ್ಳದ ಬಾಯಿ ಬೇರೆ ಥರ. ನಮ್ಮಲ್ಲಿ ಮಳೆ ಬಂದು ಹಳ್ಳ ಹರಿದು ಹಿನ್ನೀರಿಗೆ ಸೇರುತ್ತದಲ್ಲ, ಆ ಜಾಗ. ಹಳ್ಳದ ನೀರು ಕಂದು, ಹಿನ್ನೀರು ಸ್ವಲ್ಪ ತಿಳಿ. ಎರಡೂ ಸೇರುವಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆಯ ತಿಳಿನೀರಿನ ಬದಿಗೆ ಗಾಳ ಬಿಟ್ಟರೆ ಮೀನು ತಪ್ಪಿದ್ದು ಕಡಿಮೆ. ಹಳ್ಳ ಹರಿದ ಮೊದಲ ದಿನ, ಮರುದಿನ ಅಲ್ಲಿಗಿಂತ ಚೆನ್ನಾದ ಜಾಗ ಹಿನ್ನೀರಿನಲ್ಲಿ ಇನ್ನೊಂದಿಲ್ಲ. ರೋಹು, ಮೃಗಾಲ್, ಗಿರ್ಲು ಎಲ್ಲ ಬರುತ್ತವೆ. ಆದರೆ ಹಳ್ಳ ನಿಂತಿತೋ, ಮುಗೀತು. ಆಮೇಲೆ ಅಲ್ಲಿ ಕೂರುವುದು ಸುಮ್ನೆ. ಅದೂ ಅಲ್ಲದೆ ಮಳೆಗಾಲದ ಶುರುವಿನಲ್ಲಿ ಹಳ್ಳದ ಬಾಯಿಗೆ ಬರುವ ಮೀನಿನ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಹೊಸನೀರು ಹರಿಯುವಾಗಲೇ ಮೊಟ್ಟೆ ಇಡುವ ಜಾತಿ. ಆಗ ಅವನ್ನ ಹಿಡಿಯುವುದು ನನಗೆ ಮನಸ್ಸಿಲ್ಲ. ಸಿಕ್ಕರೂ ಒದ್ದೆ ಕೈಯಲ್ಲಿ ಹಿಡಿದು ಬಿಟ್ಟುಬಿಡುತ್ತೇನೆ. ಆ ಒಂದು ಮೀನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇರುತ್ತವೆ, ಮುಂದಿನ ವರ್ಷ ನಮ್ಮ ಗಾಳಕ್ಕೂ, ಬಲೆ ಹಾಕಿ ಹೊಟ್ಟೆ ಹೊರೆಯುವವರಿಗೂ ಅದೇ ಬೇಕು.

ಮುಳುಗಿದ ಹೊಲ. ನನ್ನ ಓಟು ಇದಕ್ಕೇ.

ಒಂದು ಸಲ ದಂಡೆಯಲ್ಲಿ ನಿಂತು ದೂರ ದೂರ ಒಗೆಯುತ್ತಿದ್ದೆ. ಹರಿಗೋಲು ದಂಡೆಗೆ ತರುತ್ತಿದ್ದ ಒಬ್ಬ ಕಾಕಾ ನೋಡಿ, ‘ಯಾಕ ತಮ್ಮಾ ಅಷ್ಟ ದೂರ ಒಗೀತಿ? ಮೀನ ಇಲ್ಲೇ ಒಡ್ಡಿನ ಮ್ಯಾಲ ಅಡ್ಯಾಡಾಕತ್ತಾವ ನೋಡು’ ಅಂದರು. ಅವರು ತೋರಿಸಿದ ಕಡೆ ನೋಡಿದರೆ ಮೊಣಕಾಲುದ್ದ ನೀರು. ಅದರಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಒಂದು ಸಾಲು ನಿಂತಿತು, ಒಂದು ಮಾರು ಆಚೆ ಇನ್ನೊಂದು ಸಾಲು ಎದ್ದಿತು. ಅದರ ಹಿಂದೆಯೇ ನೀರಲ್ಲಿ ಕಪ್ಪು ಮೋಡದ ಹಾಗೆ ಕೆಸರು ಹರಡಿತು. ಸಾಮಾನ್ಯ ಗೆಂಡೆ ಎರೆಮಣ್ಣಿನಲ್ಲಿ ಮೂತಿ ಹೂತು ಹುಳ ಹುಡುಕುವುದು ಹೀಗೇ. ಆ ಗುಳ್ಳೆ ಸಾಲು ಯಾವ ಕಡೆ ಹೋಗುತ್ತಿದೆಯೋ ಅದರ ಮುಂದೆ ಎರಡು ಮೊಳ ಬಿಟ್ಟು ಗಾಳ ಇಳಿಸಿ, ಮೇಲೆ ಬೀಳಿಸಬೇಡಿ, ಹೆದರಿ ಓಡುತ್ತದೆ.

ಎಲ್ಲ ಹೊಲವೂ ಒಂದೇ ಅಲ್ಲ. ಹಳೆ ಒಡ್ಡು ಇರುವ ಹೊಲ ಮೊದಲು ನೋಡಿ. ಒಡ್ಡಿನ ಗುಂಟ ಮೀನು ಹೋಗುತ್ತದೆ, ಎರಡು ಒಡ್ಡು ಕೂಡುವ ಮೂಲೆಯಲ್ಲಿ ನಿಲ್ಲುತ್ತದೆ. ಕಬ್ಬಿನ ಕೂಳೆ ಇರುವ ಹೊಲದಲ್ಲಿ ಮೀನು ಜಾಸ್ತಿ, ಗಾಳ ಸಿಕ್ಕಿಕೊಳ್ಳುವುದೂ ಜಾಸ್ತಿ. ಜಾಲಿ ಕಂಟಿ ಮುಳುಗಿದ್ದರೆ ಅದರ ಮಗ್ಗುಲಲ್ಲಿ ಕೊರವ ಮೀನು ಇದ್ದೇ ಇರುತ್ತದೆ. ಬೆಳಗಿನ ಹೊತ್ತು ಕಂಟಿ ಪಕ್ಕ ಒಂದು ದೊಡ್ಡ ಗುಳುಂ ಸದ್ದು ಬಂದರೆ ಅದು ಗಾಳಿ ಕುಡಿಯಲು ಮೇಲೆ ಬಂದದ್ದು. ಕೊರವಕ್ಕೆ ಬರೀ ಕಿವಿರು ಸಾಲುವುದಿಲ್ಲ, ಆಗಾಗ ಮೇಲೆ ಬಂದು ಉಸಿರು ತೆಗೆದುಕೊಳ್ಳಬೇಕು. ಆ ಸದ್ದೇ ಅದರ ವಿಳಾಸ.

ಗಾಳಿಯ ದಿಕ್ಕು ನೋಡಿಕೊಳ್ಳಿ. ಮಳೆಗಾಲದಲ್ಲಿ ನಮ್ಮಲ್ಲಿ ಪಡುಗಾಳಿ. ಅದು ತೆರೆ ಎಬ್ಬಿಸಿ ತೇಲುವ ಹುಳ, ಕಾಳು ಎಲ್ಲ ಮೂಡಣ ದಂಡೆಗೆ ತಳ್ಳುತ್ತದೆ. ತೆರೆ ಬಡಿಯುವ ದಂಡೆಯಲ್ಲಿ ಕೂರುವುದು ಬೇಜಾರು, ಮುಖಕ್ಕೆ ಗಾಳಿ, ಬೆಂಡು ಕುಣಿಯುತ್ತದೆ. ಆದರೂ ಅಲ್ಲೇ ಕೂರಿ. ಗಾಳಿ ಇಲ್ಲದ ಪಡುವಣ ದಂಡೆಯ ಜಾಲಿ ನೆರಳು ಹಾಯಾಗಿರುತ್ತದೆ, ಮೀನು ಇರುವುದಿಲ್ಲ. ದೀಪಾವಳಿ ಹೊತ್ತಿಗೆ ಮೂಡಗಾಳಿ ಶುರುವಾದರೆ ಈ ಲೆಕ್ಕ ತಿರುಗಿಸಿಕೊಳ್ಳಿ.

ನೀರು ಏರುತ್ತಿದೆಯಾ, ನಿಂತಿದೆಯಾ, ಇಳಿಯುತ್ತಿದೆಯಾ ಅನ್ನೋದು ಜಾಗದಷ್ಟೇ ಮುಖ್ಯ. ಡ್ಯಾಮಿನ ಮಟ್ಟ, ಒಳಹರಿವು, ಹೊರಹರಿವು ದಿನಾ ಪೇಪರಿನಲ್ಲಿ ಬರುತ್ತದೆ, ನೋಡಿಕೊಂಡೇ ಹೊರಡಿ. ಏರುವಾಗ ಮೀನು ನೀರಿನ ತುದಿಯ ಜೊತೆಗೇ ಬರುತ್ತದೆ, ಆದರೆ ಒಂದು ಕಡೆ ನಿಲ್ಲುವುದಿಲ್ಲ, ನೀವೂ ಗಂಟೆಗೊಮ್ಮೆ ಹಿಂದೆ ಸರಿಯುತ್ತಾ ಹೋಗಬೇಕು. ಮಟ್ಟ ನಾಲ್ಕೈದು ದಿನ ಅಲ್ಲಾಡದೆ ನಿಂತರೆ ಅದೇ ಹಬ್ಬ. ಮೀನು ಹೊಲಕ್ಕೆ ಹೊಂದಿಕೊಂಡು ಹೊತ್ತು ಹೊತ್ತಿಗೆ ಬರುತ್ತದೆ, ಹಿಂಡಿಯ ಉಂಡೆ ಹಾಕಿ ಮೀನಿಗೆ ಜಾಗ ರೂಢಿ ಮಾಡಿಸಬಹುದು. ಇಳಿಯಲು ಶುರುವಾಯಿತು ಅಂದರೆ ಹೊಲ ಬಿಟ್ಟುಬಿಡಿ. ನೀರು ಒಂದು ಗೇಣು ಇಳಿದರೂ ಸಾಕು, ಮೀನಿಗೆ ಗೊತ್ತಾಗಿ ಆಳಕ್ಕೆ ಹೊರಟುಬಿಡುತ್ತದೆ. ಮಹಾರಾಷ್ಟ್ರದಲ್ಲಿ ಜೋರು ಮಳೆ ಇದ್ದಾಗ ಪ್ರವಾಹ ಬರಬಾರದು ಅಂತ ಮುಂಚೆಯೇ ಗೇಟು ತೆಗೆದು ಮಟ್ಟ ಇಳಿಸುತ್ತಾರೆ. ಒಳಹರಿವು ಲಕ್ಷಗಟ್ಟಲೆ ಕ್ಯೂಸೆಕ್ ಇದೆ, ಹಿನ್ನೀರು ತುಂಬಿ ತುಳುಕುತ್ತಿರಬೇಕು ಅಂತ ಹೋದರೆ ದಂಡೆಯಲ್ಲಿ ಒದ್ದೆ ಗುರುತು ಮಾತ್ರ ಕಾಣುತ್ತದೆ. ಅಂಥ ದಿನ ಒಡ್ಡು ಮುಗಿದು ಆಳ ಶುರುವಾಗುವ ಅಂಚಿಗೆ ಹೋಗಿ, ಇಲ್ಲವೇ ಹಳ್ಳದ ತಗ್ಗು ಹುಡುಕಿ. ವಾಪಸ್ ಹೋಗುವ ಮೀನೆಲ್ಲ ಆ ತಗ್ಗಿನಲ್ಲೇ ಹೋಗುತ್ತದೆ.

ಸಾಮಾನು.

ಬಾಟಲಿಗೆ ಸುತ್ತಿದ ದಾರ ನಮ್ಮ ಊರ ಹುಡುಗರ ಸಾಮಾನು. ಖಾಲಿ ನೀರಿನ ಬಾಟಲಿ, ಅದಕ್ಕೆ ನೈಲಾನ್ ದಾರ, ತುದಿಗೆ ಗಾಳ, ಒಂದು ಗುಂಡು. ಖರ್ಚು ಏನೂ ಇಲ್ಲ, ದೂರಕ್ಕೂ ಹೋಗುತ್ತದೆ. ಬೆರಳಿಗೆ ನೇರವಾಗಿ ಎಳೆತ ಗೊತ್ತಾಗುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಕಷ್ಟ ಏನಂದರೆ ಕೂಳೆ ಇರುವ ಹೊಲದಲ್ಲಿ ಗುಂಡು ನೆಲಕ್ಕೆ ಬಿದ್ದ ಕೂಡಲೇ ಸಿಕ್ಕಿಕೊಳ್ಳುತ್ತದೆ. ದೊಡ್ಡ ಮೀನು ಹಿಡಿದರೆ ದಾರ ಬೆರಳು ಕೊಯ್ಯುತ್ತದೆ. ಹಳ್ಳದ ಬಾಯಿಗೆ, ಬಯಲು ದಂಡೆಗೆ ಅದು ಸಾಕು.

ರೀಲ್ ರಾಡು ನನಗೂ ಇಷ್ಟ. ಸೇತುವೆ ಹತ್ತಿರ, ಆಳದ ಅಂಚಿನಲ್ಲಿ ಅದು ಇಲ್ಲದೆ ಆಗುವುದಿಲ್ಲ. ದೊಡ್ಡ ಕಾಟ್ಲಾ ಓಡಿದಾಗ ದಾರ ಬಿಡುತ್ತಾ, ಎಳೆಯುತ್ತಾ ಸುಸ್ತು ಮಾಡಬಹುದು. ಆದರೆ ತುಂಬುನೀರಿನ ಹೊಲದಲ್ಲಿ ಮೀನು ಮೂರು ಮಾರು ದೂರದಲ್ಲಿ ಇರುವಾಗ ರೀಲ್ ಯಾಕೆ ಬೇಕು? ಗುಂಡು ಟಪ್ ಅಂತ ಬೀಳುವ ಸದ್ದಿಗೇ ಅರ್ಧ ಮೀನು ಓಡಿಹೋಗುತ್ತದೆ.

ಬಿದಿರು ಗಳ, ಅಥವಾ ಈಗ ಸಿಗುವ ಮಡಚುವ ಕಾರ್ಬನ್ ಗಳ, ಹನ್ನೆರಡರಿಂದ ಹದಿನೈದು ಅಡಿ. ಹೊಲಕ್ಕೆ ಇದೇ. ಗಾಳವನ್ನ ಎರಡು ಕಂಟಿ ನಡುವೆ ಕೈಯಲ್ಲಿ ಇಟ್ಟ ಹಾಗೆ ಇಳಿಸಬಹುದು, ಸದ್ದಿಲ್ಲ. ಮೀನು ಕಚ್ಚಿದ ಕೂಡಲೇ ಮೇಲಕ್ಕೆ ಎತ್ತಬಹುದು, ಕೂಳೆಗೆ ಸುತ್ತಿಕೊಳ್ಳಲು ಬಿಡುವುದಿಲ್ಲ. ಎರಡು ಮೂರು ಕೇಜಿ ತನಕ ಯೋಚನೆ ಇಲ್ಲ. ಅದಕ್ಕಿಂತ ದೊಡ್ಡದು ಬಂದರೆ ಗಳ ನೆಟ್ಟಗೆ ಎತ್ತಿ ಹಿಡಿದು, ಮೀನು ಓಡಿದ ಕಡೆಗೆ ದಂಡೆ ಗುಂಟ ನೀವೂ ಓಡಬೇಕು. ಗಳವನ್ನ ಮೀನಿನ ಕಡೆ ಚಾಚಿದರೆ ದಾರ ಕಿತ್ತಿತು ಅಂತಲೇ ಲೆಕ್ಕ. ಕೈಬಲೆ ಒಂದು ಜೊತೆಗೆ ಇರಲಿ.

ಬೆಂಡು ಕಟ್ಟುವುದರಲ್ಲಿ ಒಂದು ಸಣ್ಣ ವಿಷಯ ಇದೆ, ಇದನ್ನ ಮಾಡಿದವರಿಗೆ ಮೀನು ಎಷ್ಟು ಜಾಸ್ತಿ ಬೀಳುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ. ಗುಂಡನ್ನ ಗಾಳದಿಂದ ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ, ನೆಲಕ್ಕೆ ತಾಗುವ ಹಾಗೆ ಕಟ್ಟಿ. ಬೆಂಡು ನೇರ ನಿಂತಿರಲಿ. ಗೆಂಡೆ ಮೇವು ಬಾಯಿಗೆ ಹಾಕಿ ತಲೆ ಎತ್ತಿದಾಗ ಗುಂಡೂ ಎದ್ದುಬಿಡುತ್ತದೆ, ಭಾರ ಹೋಗಿ ಬೆಂಡು ಅಡ್ಡ ಮಲಗುತ್ತದೆ. ಬೆಂಡು ಮುಳುಗಲಿ ಅಂತ ಕಾಯಬೇಡಿ. ಮಲಗಿದ ಕ್ಷಣ ಎತ್ತಿ. ರೋಹು ಕಚ್ಚಿದರೆ ಬೇರೆ, ಟುಕು ಟುಕು ಅಂತ ಎರಡು ಸಲ ತಟ್ಟಿ ಓರೆಯಾಗಿ ಒಳಗೆ ಎಳೆಯುತ್ತದೆ. ಜಿಲೇಬಿ ಮೀನು ಬೆಂಡನ್ನ ಪಕ್ಕಕ್ಕೆ ಒಯ್ಯುತ್ತದೆ, ಮುಳುಗಿಸುವುದಿಲ್ಲ. ಗಿರ್ಲು ಕೇಳುವುದೇ ಬೇಡ, ಒಂದೇ ಏಟಿಗೆ ಬೆಂಡು ಮಾಯ, ಗಾಳ ಹೊಟ್ಟೆ ತನಕ ಹೋಗಿರುತ್ತದೆ. ಅದರ ಮುಳ್ಳು ಚುಚ್ಚಿದರೆ ರಾತ್ರಿಯೆಲ್ಲ ಉರಿ, ಬಟ್ಟೆ ಹಿಡಿದು ತೆಗೆಯಿರಿ.

ಮೇವಿನ ವಿಷಯದಲ್ಲಿ ಜಗಳವೇ ಆಗುತ್ತದೆ, ಎಲ್ಲರಿಗೂ ತಮ್ಮದೇ ಹೆಚ್ಚು. ನಾನು ಪಕ್ಕಪಕ್ಕ ಎರಡು ಗಳ ಹಾಕಿ ನೋಡಿದ್ದೇನೆ, ಒಂದಕ್ಕೆ ಎರೆಹುಳು, ಇನ್ನೊಂದಕ್ಕೆ ಹಿಟ್ಟು. ನೀರು ಹೊಸದಾಗಿ ಏರುವಾಗ, ರಾಡಿ ಇರುವಾಗ ಎರೆಹುಳು ಗೆಲ್ಲುತ್ತದೆ, ಸಂಶಯವೇ ಇಲ್ಲ. ಮುಳುಗಿದ ನೆಲದಿಂದ ಹುಳ ಹೊರಗೆ ಬರುತ್ತಿರುತ್ತವೆ, ಮೀನು ಅದನ್ನೇ ಹುಡುಕಿಕೊಂಡು ಬಂದಿರುತ್ತದೆ. ಒಣಗಿದ ಎರೆಹೊಲದಲ್ಲಿ ಹುಳ ಸಿಗುವುದು ಕಷ್ಟ. ತಿಪ್ಪೆಯ ಬುಡ, ಬಚ್ಚಲ ನೀರು ಹೋಗುವ ಬಾಳೆ ಗಿಡದ ಬುಡ ಕೆದಕಿದರೆ ಸಿಗುತ್ತವೆ. ತೊಂದರೆ ಏನಂದರೆ ಎರೆಹುಳಕ್ಕೆ ಸಣ್ಣ ಮೀನಿನ ಕಾಟ. ದೊಡ್ಡದು ಬರುವ ಮುಂಚೆ ಸಣ್ಣವು ಚೀಪಿ ಮುಗಿಸುತ್ತವೆ.

ನೀರು ನಿಂತು ತಿಳಿಯಾಗುತ್ತಾ ಬಂದ ಹಾಗೆ ಹಿಟ್ಟಿನ ಸರದಿ. ಶೇಂಗಾ ಹಿಂಡಿ ನಮ್ಮ ಕಡೆಯ ದೊಡ್ಡ ಆಸ್ತಿ. ಗಾಣದಿಂದ ತಂದ ಹಿಂಡಿಯನ್ನ ರಾತ್ರಿ ನೆನೆ ಹಾಕಿ, ಬೆಳಿಗ್ಗೆ ಹಿಸುಕಿ, ತೌಡು, ಸ್ವಲ್ಪ ಬೆಲ್ಲ ಸೇರಿಸಿ ಕಿತ್ತಳೆ ಗಾತ್ರದ ಉಂಡೆ ಕಟ್ಟಿ. ಗಾಳ ಹಾಕುವ ಜಾಗಕ್ಕೆ ಎರಡು ಉಂಡೆ ಸಾಕು. ಬುಟ್ಟಿಗಟ್ಟಲೆ ಸುರಿದರೆ ಮೀನಿಗೆ ಹೊಟ್ಟೆ ತುಂಬುತ್ತದೆ, ಗಾಳದ ಕಡೆ ನೋಡುವುದಿಲ್ಲ. ಗಾಳಕ್ಕೆ ಸಿಕ್ಕಿಸುವ ಹಿಟ್ಟು ಬೇರೆ ಮಾಡಿಕೊಳ್ಳಬೇಕು. ಬರೀ ಜೋಳದ ಹಿಟ್ಟು ತಣ್ಣೀರಲ್ಲಿ ಕಲೆಸಿದರೆ ಜಿಗಿ ಬರುವುದಿಲ್ಲ, ನೀರಿಗೆ ಬಿದ್ದ ಕೂಡಲೇ ಕರಗುತ್ತದೆ. ರೊಟ್ಟಿಗೆ ಮಾಡುವ ಹಾಗೆ ಕುದಿಯುವ ಎಸರು ಹಾಕಿ ಕಲೆಸಿ, ಅದಕ್ಕೆ ಮೂರನೇ ಒಂದು ಭಾಗ ಗೋಧಿ ಹಿಟ್ಟು ಸೇರಿಸಿ, ಹಿಂಡಿ ಪುಡಿ ಹಾಕಿ ಚೆನ್ನಾಗಿ ನಾದಿ. ಕೊನೆಗೆ ಒಂದು ಚಿಟಿಕೆ ಹತ್ತಿ ಬಿಡಿಸಿ ಎಳೆ ಎಳೆಯಾಗಿ ಸೇರಿಸಿ. ಹತ್ತಿಯ ಎಳೆ ಹಿಟ್ಟನ್ನ ಹಿಡಿದುಕೊಳ್ಳುತ್ತದೆ, ಸಣ್ಣ ಮೀನು ಕುಟುಕಿದರೂ ಬೇಗ ಬಿಡುವುದಿಲ್ಲ. ಕಡಲೆಕಾಯಿ ಗಾತ್ರದ ಉಂಡೆ, ಗಾಳದ ತುದಿ ಸ್ವಲ್ಪ ಕಾಣುವ ಹಾಗೆ. ರೋಹು, ಮೃಗಾಲ್ ಎರಡಕ್ಕೂ ಇದು ಎರೆಹುಳಕ್ಕಿಂತ ವಾಸಿ.

ಗೋವಿನಜೋಳ ಇನ್ನೊಂದು. ಒಂದು ರಾತ್ರಿ ನೆನೆಸಿ, ಕುಕ್ಕರಿನಲ್ಲಿ ಮೆತ್ತಗೆ ಆಗುವಷ್ಟು ಬೇಯಿಸಿ, ಎರಡು ಕಾಳು ಗಾಳಕ್ಕೆ. ಇದಕ್ಕೆ ಸಣ್ಣ ಮೀನು ಬಾಯಿ ಹಾಕಲಾರವು. ಕಚ್ಚುವುದು ಕಡಿಮೆ, ಕಚ್ಚಿದರೆ ದೊಡ್ಡ ಗೆಂಡೆ. ಒಂದು ಗಳ ಇದ್ದರೆ ನಾನು ಹಿಟ್ಟು ಆರಿಸುತ್ತೇನೆ, ಎರಡು ಇದ್ದರೆ ಎರಡನೆಯದಕ್ಕೆ ಗೋವಿನಜೋಳ.

ರಬ್ಬರ್ ಕಪ್ಪೆ, ಹೊಳೆಯುವ ತಗಡಿನ ಮೀನು ಇಂಥವನ್ನೂ ಬಳಸಿದ್ದೇನೆ. ರಾಡಿ ನೀರಿನಲ್ಲಿ ಸುಮ್ನೆ ಕೈನೋವು. ದೀಪಾವಳಿ ದಾಟಿ ನೀರು ತಿಳಿಯಾದ ಮೇಲೆ, ಕಂಟಿ ಮಗ್ಗುಲಲ್ಲಿ ಕಪ್ಪೆ ಎಳೆದರೆ ಕೊರವ ಹಾರಿ ಹಿಡಿಯುತ್ತದೆ. ಅದು ಹಿಡಿದ ಕೂಡಲೇ ಎಳೆಯಬೇಡಿ, ಒಂದು ಉಸಿರು ಬಿಡುವಷ್ಟು ಹೊತ್ತು ಕೊಡಿ.

ಈಗ ಒಂದು ಗಂಭೀರ ಮಾತು. ಮುಳುಗಿದ ಹೊಲ ಅಂದರೆ ಮುಳುಗಿದ ಬಾವಿಯೂ ಹೌದು. ಈ ಹಿನ್ನೀರಿನ ಅಡಿಯಲ್ಲಿ ಊರುಗಳಿವೆ, ತೋಟಗಳಿವೆ, ಕಟ್ಟೆ ಇಲ್ಲದ ತೆರೆದ ಬಾವಿಗಳಿವೆ. ಮೊಣಕಾಲುದ್ದ ನೀರು ಅಂತ ಧೈರ್ಯವಾಗಿ ನಡೆಯುತ್ತಾ ಹೋದರೆ ಮುಂದಿನ ಹೆಜ್ಜೆ ಐವತ್ತಡಿ ಆಳಕ್ಕೆ ಇರಬಹುದು. ಆ ಊರಿನವರನ್ನ ಕೇಳದೆ ನೀರಿಗೆ ಇಳಿಯಬೇಡಿ. ‘ಕಾಕಾ, ಇಲ್ಲೆಲ್ಲೆರ ಬಾವಿ ಅದ ಏನ್ರಿ?’ ಅಂದರೆ ಸಾಕು, ಯಾರ ಹೊಲ, ಬಾವಿ ಯಾವ ಮೂಲೆ, ಬೇವಿನ ಮರದಿಂದ ಎಷ್ಟು ಹೆಜ್ಜೆ ಎಲ್ಲ ಹೇಳುತ್ತಾರೆ. ನೆಲ ಬಿಟ್ಟುಕೊಟ್ಟವರಿಗೆ ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗೆ ಇದೆ. ಮೊಸಳೆಗಳೂ ಇವೆ, ಕೃಷ್ಣೆಯಲ್ಲೂ ಘಟಪ್ರಭೆಯಲ್ಲೂ ಇವೆ, ನೀರು ಏರಿದಾಗ ಹೊಲದ ಅಂಚಿಗೆ ಬರುತ್ತವೆ. ಹಿಡಿದ ಮೀನನ್ನ ದಾರಕ್ಕೆ ಪೋಣಿಸಿ ಕಾಲ ಹತ್ತಿರ ನೀರಲ್ಲಿ ಬಿಟ್ಟುಕೊಂಡು ಕೂರಬೇಡಿ. ಕತ್ತಲಾದ ಮೇಲೆ ನೀರಂಚಿಗೆ ಕೂರುವುದೂ ಬೇಡ. ಬಿಲಕ್ಕೆ ನೀರು ನುಗ್ಗಿ ಹಾವುಗಳು ಒಡ್ಡಿನ ಮೇಲೆ ಬಂದಿರುತ್ತವೆ, ಕೂರುವ ಮುಂಚೆ ಗಳದಿಂದ ಹುಲ್ಲು ಬಡಿದು ನೋಡಿ.

ಬಲೆ ಹಾಕುವವರ ಹತ್ತಿರ ಹೋಗಿ ಗಾಳ ಹಾಕಬೇಡಿ. ಅವರು ಮೀನುಗಾರಿಕೆ ಇಲಾಖೆಗೆ ದುಡ್ಡು ಕಟ್ಟಿ ಪರವಾನಗಿ ತೆಗೆದುಕೊಂಡವರು, ಅದರಿಂದಲೇ ಮನೆ ನಡೆಯಬೇಕು. ನಮ್ಮ ಗಾಳ ಅವರ ಬಲೆಗೆ ಸಿಕ್ಕರೆ ಬಲೆ ಹರಿಯುತ್ತದೆ. ಮೊದಲು ಮಾತಾಡಿಸಿ, ಜಾಗ ಕೇಳಿ. ನನಗೆ ಒಳ್ಳೆ ಜಾಗಗಳೆಲ್ಲ ಗೊತ್ತಾದದ್ದು ಅವರಿಂದಲೇ. ಮತ್ತೆ, ಹರಿದ ನೈಲಾನ್ ದಾರ ದಂಡೆಯಲ್ಲಿ ಬಿಡಬೇಡಿ. ಕೊಕ್ಕರೆಗಳ ಕಾಲಿಗೆ ಸುತ್ತಿಕೊಂಡು ಸಾಯುತ್ತವೆ.

ಬೆಳಗಾವಿ ಕಡೆಯವರು ಹಿಡಕಲ್ ಬಗ್ಗೆ ಕೇಳುತ್ತಾರೆ. ಅಲ್ಲೂ ಕೂತಿದ್ದೇನೆ. ಘಟಪ್ರಭೆಯ ಮೇಲಿನ ಆ ಡ್ಯಾಮು 51 ಟಿಎಂಸಿಯದು, ತುಂಬುವ ಮಟ್ಟ 2,175 ಅಡಿ. ನಾನು ಕೂತ ದಂಡೆಗಳು ಕಲ್ಲು, ಇಳಿಜಾರು. ನೀರು ಏರಿದರೂ ಹೊಸ ನೆಲ ಮುಳುಗುವುದು ಕಡಿಮೆ. ಹಾಗಾಗಿ ಮೇಲೆ ಹೇಳಿದ ಹೊಲದ ಮಾತು ಅಲ್ಲಿ ಅಷ್ಟು ನಡೆಯುವುದಿಲ್ಲ. ನೀರು ಬೇಗ ತಿಳಿಯಾಗುತ್ತದೆ, ಆಳ ದಂಡೆಯಿಂದಲೇ ಶುರು. ಅಲ್ಲಿ ರೀಲ್ ರಾಡೇ ಸರಿ, ಹಳ್ಳ ಸೇರುವ ಮೂಲೆಗಳೇ ಸರಿ. ನೋಟಕ್ಕೆ ಹಿಡಕಲ್ ಚೆಂದ, ಮೀನಿಗೆ ನನಗೆ ಆಲಮಟ್ಟಿ ಹಿನ್ನೀರೇ ಮೇಲು.

ಯುಗಾದಿ ಹೊತ್ತಿಗೆ ಬಂದರೆ ಇದೆಲ್ಲ ಉಲ್ಟಾ ಮಾಡಿಕೊಳ್ಳಿ. ಆಗ ನೀವು ಗಳ ಹಾಕಿದ ಹೊಲದಲ್ಲಿ ಎರೆಮಣ್ಣು ಬಿರುಕು ಬಿಟ್ಟಿರುತ್ತದೆ, ನೀರು ಸರಿದ ಕಡೆ ಯಾರೋ ಬೆಳೆ ಹಾಕಿರುತ್ತಾರೆ. ಫ್ಲೆಮಿಂಗೊ ಹಕ್ಕಿಗಳು ಸಾಲಾಗಿ ನಿಂತ ಕಡೆ ಗೇಣುದ್ದ ನೀರು, ಅಲ್ಲಿ ದೊಡ್ಡ ಮೀನಿಲ್ಲ, ಹಕ್ಕಿಗಳನ್ನ ಎಬ್ಬಿಸಲೂ ಬೇಡಿ. ಮೀನೆಲ್ಲ ಹಳೆ ಹೊಳೆಯ ಪಾತ್ರಕ್ಕೆ ಹೋಗಿರುತ್ತದೆ. ಸೇತುವೆಗಳಿಗೆ ಆಗ ಬೆಲೆ, ರೀಲಿಗೆ ಆಗ ಬೆಲೆ. ಅಂಚಿನ ಕೆಸರು ಮೇಲೆ ಒಣಗಿ ಒಳಗೆ ಹಸಿ ಇರುತ್ತದೆ, ಕಾಲಿಟ್ಟರೆ ತೊಡೆ ತನಕ ಹೋಗುತ್ತದೆ, ಕಲ್ಲಿರುವ ಕಡೆಯಿಂದಲೇ ಇಳಿಯಿರಿ. ಆಗ ದೂರ ಒಗೆಯಿರಿ, ಬೇಡ ಅನ್ನುವುದಿಲ್ಲ.

ಹೊಸದಾಗಿ ಶುರು ಮಾಡುವವರು ಈ ದಸರೆಗೆ ಏನು ಕೊಳ್ಳಬೇಕು ಅಂದರೆ, ಒಂದು ಗಳ, ಎರಡು ನಮೂನೆ ಗಾಳ, ಸ್ವಲ್ಪ ಗಟ್ಟಿ ದಾರ, ಬೆಂಡು, ಒಂದು ಕೈಬಲೆ. ರೀಲಿಗೆ ಇಡಬೇಕೆಂದಿರುವ ದುಡ್ಡು ಹಾಗೇ ಇರಲಿ, ಶಿವರಾತ್ರಿ ಮುಗಿದ ಮೇಲೆ ತೆಗೆದುಕೊಂಡರೆ ಆಯ್ತು.